ಮೆಟ್ರೊದಲ್ಲೊಂದು ಪ್ರಶ್ನೆ: ‘ಇದು ಎರಡು ಕಳೆ ತಾನೇ?’

ಸಂಪಾದಕರಿಗೆ,

ಮಾನ್ಯರೇ,

ಮೆಟ್ರೊ ರೈಲಿನಲ್ಲಿ ಮೊಬೈಲ್ ಸ್ಪೀಕರ್ ತೆರೆದು ಹಾಡು, ರೀಲ್ಸ್ ಹಾಕಿಕೊಂಡು ಕಿರಿಕಿರಿ ಮಾಡುವವರ ಬಗ್ಗೆ ಓದುಗರು ಆಗಾಗ ಪತ್ರ ಬರೆಯುತ್ತಿರುತ್ತಾರೆ. ಅವರ ದೂರಿಗೆ ನನ್ನ ಪೂರ್ಣ ಸಮ್ಮತಿಯಿದೆ. ಹೈಕೋರ್ಟ್ ಸೂಚನೆಯ ಮೇರೆಗೆ ಕೆಎಸ್‌ಆರ್‌ಟಿಸಿ 2021ರ ನವೆಂಬರ್‌ನಲ್ಲೇ ತನ್ನ ಬಸ್ಸುಗಳಲ್ಲಿ ಜೋರಾಗಿ ಮೊಬೈಲ್ ಹಾಕುವುದನ್ನು ನಿಷೇಧಿಸಿದ್ದು ಸರಿಯಾಗಿಯೇ ಇದೆ. ಆದರೆ ಈ ಚರ್ಚೆಯಲ್ಲಿ ಸಂಗೀತವೆಂದರೆ ಒಂದೋ ಗದ್ದಲ, ಇಲ್ಲವೇ ಅವರವರ ಕಿವಿಯೊಳಗೇ ಮುಗಿಯಬೇಕಾದ ಸಂಗತಿ ಎಂಬಂತಾಗಿದೆ. ಪಕ್ಕದಲ್ಲಿ ಕುಳಿತ ಅಪರಿಚಿತರೊಡನೆ ಸಂಗೀತದ ಬಗ್ಗೆ ನಾಲ್ಕು ಮಾತಾಡುವ ರೂಢಿಯೂ ಒಂದಿತ್ತು. ಅದು ಪೂರ್ತಿ ಕಣ್ಮರೆಯಾಗಬಾರದು ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ದಾಸರಹಳ್ಳಿಯಿಂದ ಜಯನಗರಕ್ಕೆ ಹಸಿರು ಮಾರ್ಗದಲ್ಲಿ ದಿನವೂ ಓಡಾಡುವವನು. ಕೆಲವು ತಿಂಗಳ ಹಿಂದೆ ಪೀಣ್ಯದಲ್ಲಿ ಹತ್ತಿದ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ಕುಳಿತರು. ಕೈಯಲ್ಲಿ ಮೊಬೈಲ್ ಇರಲಿಲ್ಲ, ಕಿವಿಯಲ್ಲಿ ಏನೂ ಇರಲಿಲ್ಲ. ತೊಡೆಯ ಮೇಲಿಟ್ಟ ಬಟ್ಟೆ ಚೀಲದ ಮೇಲೆ ಬಲಗೈ ಮಾತ್ರ ಮೆಲ್ಲಗೆ ಆಡುತ್ತಿತ್ತು: ಅಂಗೈ ಎರಡು ಸಲ, ಕಿರುಬೆರಳು ಎರಡು ಸಲ, ಉಂಗುರಬೆರಳು ಎರಡು ಸಲ. ಎಂಟೆಣಿಕೆಯ ಆದಿತಾಳವೆಂದು ಗೊತ್ತಾಯಿತು, ಆದರೆ ಪ್ರತಿ ಎಣಿಕೆಯೂ ಇಮ್ಮಡಿಯಾಗುತ್ತಿತ್ತು; ಹೀಗೆ ಇಮ್ಮಡಿಸಿ ಹಾಕುವುದಕ್ಕೆ ಸಂಗೀತದವರು ‘ಎರಡು ಕಳೆ’ ಎನ್ನುತ್ತಾರೆ. ತಡೆಯಲಾರದೆ, ‘ಇದು ಎರಡು ಕಳೆ ತಾನೇ ಸಾರ್?’ ಎಂದು ಕೇಳಿಬಿಟ್ಟೆ. ಅವರು ನನ್ನ ಕಡೆ ತಿರುಗದೆ ಎಡಗೈ ಎತ್ತಿ ‘ತಾಳಿ’ ಎಂಬಂತೆ ಸನ್ನೆ ಮಾಡಿದರು. ಅರ್ಧ ನಿಮಿಷ ಕಳೆದು, ಮೂರು ಸಲ ಬಂದ ಮುಕ್ತಾಯದ ನುಡಿ ಅವರ ಮನಸ್ಸಿನಲ್ಲಿ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದು ಬಿದ್ದ ಮೇಲೆಯೇ, ‘ಹ್ಞಾಂ, ಈಗ ಹೇಳಿ’ ಎಂದರು. ಕಾರ್ಖಾನೆಯಲ್ಲಿ ಲೇಥ್ ಮುಂದೆ ನಿಂತು ನಿವೃತ್ತರಾದ ಮೇಲೆ ಮೃದಂಗದ ಪಾಠಕ್ಕೆ ಸೇರಿದ್ದಾರಂತೆ; ಗುರುಗಳು ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವರಂತೆ. ದನಿ ಗಂಭೀರವಾಗಲೆಂದು ಮೃದಂಗದ ಎಡದ ಮುಖಕ್ಕೆ ಮೆತ್ತುವ, ನೀರಲ್ಲಿ ಕಲಸಿದ ರವೆಯ ಹದ ಇನ್ನೂ ಕೈಗೆ ಬಂದಿಲ್ಲ, ಒಂದು ದಿನ ನೀರಾಗುತ್ತದೆ, ಒಂದು ದಿನ ಉದುರುತ್ತದೆ ಎಂದು ನಕ್ಕರು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಹೋದರು. ಅವರ ಹೆಸರನ್ನು ನಾನು ಕೇಳಲಿಲ್ಲ, ನನ್ನದನ್ನು ಅವರೂ ಕೇಳಲಿಲ್ಲ.

ಹೆಸರು ಕೇಳದೆ ಉಳಿದದ್ದೇ ನನಗೆ ದೊಡ್ಡ ವಿಷಯವಾಗಿ ಕಂಡಿತು. ನಮ್ಮಲ್ಲಿ ಅಪರಿಚಿತರ ನಡುವಿನ ಮಾತು ‘ಯಾವೂರಾಯ್ತು?’ ಎಂದು ಶುರುವಾಗಿ, ಕೆಲಸ, ಸಂಬಳ, ಮಕ್ಕಳು ಎಂದು ಸಾಗಿ, ಕೊನೆಗೆ ‘ನೀವು ಯಾವ ಪೈಕಿ?’ ಎಂಬಲ್ಲಿಗೆ ಬಂದು ನಿಲ್ಲುವುದು ಹೆಚ್ಚು. ಸಂಗೀತದಿಂದ ಶುರುವಾದ ಮಾತಿಗೆ ಆ ದಾರಿ ಹಿಡಿಯುವ ಅಗತ್ಯವೇ ಬೀಳುವುದಿಲ್ಲ. ಹಾಗೆಂದು ಇದು ರಾಗ ತಾಳ ಬಲ್ಲವರ ಪಾಂಡಿತ್ಯ ಪ್ರದರ್ಶನವೂ ಆಗಬಾರದು. ಯಶವಂತಪುರದಲ್ಲಿ ಹತ್ತಿದ ಸೆಕ್ಯುರಿಟಿ ಸಮವಸ್ತ್ರದ ಹುಡುಗನೊಬ್ಬ ಬಾಗಿಲ ಬಳಿ ನಿಂತು ಶರೀಫರ ತತ್ವಪದವೊಂದನ್ನು ಗುನುಗುತ್ತಿದ್ದ. ‘ಭಜನಿ ಮೇಳದಾಗ ಹಾಡ್ತಿದ್ದೇನಪ್ಪ?’ ಎಂದೆ. ‘ನಾನಲ್ರಿ, ನಮ್ಮಜ್ಜ; ನಾನು ತಾಳ ಹಾಕ್ತಿದ್ದೆ’ ಎಂದವನು ಮೆಜೆಸ್ಟಿಕ್ ಬರುವ ತನಕ ಹಾವೇರಿ ಕಡೆಯ ಆ ಮೇಳದ ಸುದ್ದಿಯನ್ನೇ ಹೇಳಿದ.

ಹಿಂದೆ ಇದಕ್ಕೆ ಇಷ್ಟು ಪ್ರಯತ್ನ ಬೇಕಿರಲಿಲ್ಲ. ದೂರದ ಊರಿನ ಖಾಸಗಿ ಬಸ್ಸುಗಳಲ್ಲಿ ಡ್ರೈವರ್ ಹಾಕಿದ ಕ್ಯಾಸೆಟ್ಟೇ ಎಲ್ಲರ ಪಾಲಿನ ಹಾಡಾಗಿತ್ತು. 1974ರಿಂದ ರಾಜ್‌ಕುಮಾರ್ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅದಕ್ಕೆ ಮೊದಲು ಅವರಿಗೆ ಹೆಚ್ಚಾಗಿ ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. ಒಂದು ಹಾಡು ಯಾರ ದನಿಯದು ಎಂಬ ಬಗ್ಗೆ ಹಿಂದಿನ ಸೀಟಿನವರು ಮುಂದಿನ ಸೀಟಿನವರೊಡನೆ ವಾದಕ್ಕಿಳಿದು, ಕಂಡಕ್ಟರ್ ತೀರ್ಪು ಕೊಟ್ಟದ್ದನ್ನು ನಾನೇ ನೋಡಿದ್ದೇನೆ. (ತೀರ್ಪು ತಪ್ಪಾಗಿತ್ತು, ಆ ಮಾತು ಬೇರೆ.) ಇನ್ನೂ ಹಿಂದೆ ಹೋದರೆ, 1933ರಲ್ಲಿ ಹನ್ನೊಂದರ ಹುಡುಗ ಭೀಮಸೇನ ಜೋಶಿ ಗುರುವನ್ನು ಅರಸಿ ಗದಗಿನ ಮನೆ ಬಿಟ್ಟಾಗ, ಟಿಕೆಟ್ಟಿಲ್ಲದ ಆ ರೈಲು ಪ್ರಯಾಣದಲ್ಲಿ ಸಹಪ್ರಯಾಣಿಕರಿಗೆ ಹಾಡಿ ದಾರಿ ಸವೆಸಿದ್ದು ಅವರ ಜೀವನಕಥೆ ಬಲ್ಲವರಿಗೆಲ್ಲ ಗೊತ್ತು.

ನನ್ನ ತಪ್ಪೊಂದನ್ನೂ ಇಲ್ಲಿ ಹೇಳಲೇಬೇಕು. ಒಮ್ಮೆ ಪಿಟೀಲಿನ ಪೆಟ್ಟಿಗೆ ಹಿಡಿದು ನಿಂತಿದ್ದ ತರುಣಿಯೊಬ್ಬರನ್ನು, ಅವರ ಕಿವಿಯಲ್ಲಿ ಇಯರ್‌ಫೋನ್ ಇದ್ದರೂ ಲೆಕ್ಕಿಸದೆ, ‘ಯಾರ ಹತ್ತಿರ ಕಲಿಯುತ್ತಿದ್ದೀಯಮ್ಮಾ?’ ಎಂದು ಕೇಳಿದೆ. ಒಂದು ಕಿವಿಯದನ್ನು ತೆಗೆದು ಚಿಕ್ಕದಾಗಿ ಉತ್ತರಿಸಿ, ಮತ್ತೆ ಹಾಕಿಕೊಂಡು, ಮುಂದಿನ ನಿಲ್ದಾಣದಲ್ಲಿ ಮಹಿಳೆಯರಿಗೆ ಮೀಸಲಾದ ಬೋಗಿಯತ್ತ ನಡೆದರು. ಮನೆಗೆ ಬಂದು ಹೇಳಿದಾಗ ನನ್ನ ಮಗಳು, ‘ಅಪ್ಪ, ಅದು ಹಾಡು ಕೇಳೋಕಷ್ಟೇ ಅಲ್ಲ, ನಿಮ್ಮಂಥೋರು ಮಾತಾಡಿಸದಿರಲಿ ಅಂತಲೂ ಹಾಕ್ಕೊಳ್ಳೋದು’ ಎಂದಳು. ಅಂದಿನಿಂದ ಮುಚ್ಚಿದ ಕಿವಿಯನ್ನು ಚಿಲಕ ಹಾಕಿದ ಬಾಗಿಲೆಂದೇ ತಿಳಿದಿದ್ದೇನೆ. ಒಂಟಿಯಾಗಿ ಪ್ರಯಾಣಿಸುವ ಹೆಣ್ಣುಮಕ್ಕಳನ್ನು ನಾನಾಗಿ ಮಾತಿಗೆ ಎಳೆಯುವುದಿಲ್ಲ. ಉಳಿದವರಲ್ಲಿಯೂ, ಕೈ ತಾಳ ಹಾಕುತ್ತಿದ್ದರೆ ಅಥವಾ ಬಾಯಿ ಗುನುಗುತ್ತಿದ್ದರೆ ಮಾತ್ರ ಒಂದೇ ಒಂದು ಪ್ರಶ್ನೆ. ಉತ್ತರ ಒಂದೇ ಪದದಲ್ಲಿ ಬಂದರೆ ಅಲ್ಲಿಗೆ ನಿಲ್ಲಿಸುತ್ತೇನೆ.

ಮೆಟ್ರೊ ನಿಗಮಕ್ಕೂ ಒಂದು ಕೋರಿಕೆಯಿದೆ. ಹಸಿರು ಮಾರ್ಗ ಒಂದರ್ಥದಲ್ಲಿ ಸಂಗೀತದ ಮಾರ್ಗವೇ ಆಗಿದೆ. 1905ರಲ್ಲಿ ಶುರುವಾದ ಗಾಯನ ಸಮಾಜ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಹತ್ತಿರ. ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವದೊಂದಿಗೆ ಬೆಸೆದುಕೊಂಡಿರುವ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನ ಕೆ.ಆರ್. ಮಾರುಕಟ್ಟೆ ನಿಲ್ದಾಣಕ್ಕೆ ಸಮೀಪ. ಉತ್ಸವದ ದಿನಗಳಲ್ಲಿ ಅಂದಿನ ಕಛೇರಿಯ ವಿವರವನ್ನು ಈ ಎರಡು ನಿಲ್ದಾಣಗಳ ಟಿಕೆಟ್ ಕೌಂಟರ್ ಬಳಿ ಒಂದು ಕಾಗದದಲ್ಲಿ ಅಂಟಿಸಿದರೆ ಸಾಕು. ಅದರ ಮುಂದೆ ನಿಂತು ಓದುವ ಇಬ್ಬರಲ್ಲಿ ಒಬ್ಬರು, ‘ಇವತ್ತು ಮೃದಂಗ ಯಾರದು?’ ಎಂದು ಇನ್ನೊಬ್ಬರನ್ನು ಕೇಳಿಯೇ ಕೇಳುತ್ತಾರೆ.

ಇಂತಿ,
ಹಸಿರು ಮಾರ್ಗದ ಪ್ರಯಾಣಿಕ,
ದಾಸರಹಳ್ಳಿ, ಬೆಂಗಳೂರು