ಹಬ್ಬಕ್ಕೆ ಬಾಗಿಲು ಹಾಕಬೇಡ ಮಾರಾಯ

ಪ್ರಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಗೌರಿ-ಗಣೇಶದಿಂದ ದೀಪಾವಳಿ ತನಕ ಯಾರ ಮನೆಗೂ ಹೋಗುವುದಿಲ್ಲ, ಯಾರನ್ನೂ ಕರೆಯುವುದಿಲ್ಲ, ಉಳಿದ ದುಡ್ಡನ್ನೆಲ್ಲ ಹೋಮ್ ಲೋನಿಗೆ ಕಟ್ಟುತ್ತೇನೆ, ಶುಗರ್ ಕೂಡ ಹತೋಟಿಗೆ ಬರುತ್ತದೆ ಅಂತ ಬರೆದಿದ್ದೀಯ. ಕೇಳುವುದಕ್ಕೇನೋ ಚೆನ್ನಾಗಿದೆ. ಆದರೆ ನೆಂಟರನ್ನೂ ಸ್ನೇಹಿತರನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೀಯಲ್ಲ, ಅದು ನನಗೆ ಹಿಡಿಸಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಪತ್ರ. ಎಲ್ಲರೂ ಓದುವ ಕಡೆ ಹಾಕಲಾ ಅಂತ ನಾನು ಕೇಳಿದ್ದಕ್ಕೆ ನೀನು ಹೆಸರು ಬೇಡ ಅಂದೆ. ಹಾಗಾಗಿ ಬರೀ ಗೆಳೆಯ.

ಮೊದಲು ಸಾಲ. ನೀನು 40 ಲಕ್ಷ ತೆಗೆದಾಗ ಬಡ್ಡಿ ಶೇ. 8.5, ಅವಧಿ 20 ವರ್ಷ, ಕಂತು 34,713 ರೂಪಾಯಿ. ಮೊದಲ ಕಂತಿನಲ್ಲಿ 28,333 ಬಡ್ಡಿಗೇ ಹೋಯಿತು. ಅಸಲಿಗೆ ಸೇರಿದ್ದು ಆರು ಸಾವಿರ ಚಿಲ್ಲರೆ. ಆ ಸ್ಟೇಟ್‌ಮೆಂಟ್ ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಆಮೇಲೆ ಆಗಿದ್ದನ್ನು ನೀನು ನೋಡಿದಂತಿಲ್ಲ. 2025ರ ಫೆಬ್ರವರಿಯಿಂದ ಡಿಸೆಂಬರ್ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ. 6.5ರಿಂದ 5.25ಕ್ಕೆ ಇಳಿಸಿತು. ನಿನ್ನದು ರೆಪೊಗೆ ಜೋಡಿಸಿದ ಸಾಲ. ಬಡ್ಡಿ 7.25ಕ್ಕೆ ಬಂತು, ಬ್ಯಾಂಕಿನವರು ಕಂತನ್ನು 32 ಸಾವಿರದ ಆಸುಪಾಸಿಗೆ ಇಳಿಸಿದರು. ತಿಂಗಳಿಗೆ ಹತ್ತಿರ ಹತ್ತಿರ ಮೂರು ಸಾವಿರ ನಿನ್ನ ಕೈಯಲ್ಲೇ ಉಳಿಯಿತು. ಎಲ್ಲಿ ಹೋಯಿತು ಅಂತ ಹೇಳು ನೋಡೋಣ?

ಅದಕ್ಕೇ ಹೇಳುತ್ತೇನೆ, ಬ್ಯಾಂಕಿಗೆ ಹೋಗಿ "ಹಳೆ ಕಂತೇ ಇರಲಿ, ಅವಧಿ ಕಡಿಮೆ ಮಾಡಿ" ಅಂತ ಬರೆದುಕೊಡು. ಬಾಕಿ ಇರುವ 38 ಲಕ್ಷ ಚಿಲ್ಲರೆಗೆ ಇನ್ನೂ 18 ವರ್ಷ ಕಟ್ಟಬೇಕಿತ್ತಲ್ಲ, ಅದು 15 ವರ್ಷ ಚಿಲ್ಲರೆಗೆ ಇಳಿಯುತ್ತದೆ. ಮೂರು ಸಾವಿರ ಗುಣಿಸು ಹನ್ನೆರಡು ಅಂದರೆ ಹೆಚ್ಚುಕಡಿಮೆ ವರ್ಷಕ್ಕೊಂದು ಕಂತು ಜಾಸ್ತಿ ಕಟ್ಟಿದ ಹಾಗೆ. ಅದೂ ಒಂದು ಹೋಳಿಗೆಯನ್ನೂ ಬಿಡದೆ!

ಅದರ ಮೇಲೆ ಇನ್ನಷ್ಟು ಕಟ್ಟುತ್ತೀಯಾ, ಕಟ್ಟು. ನಿನ್ನದರಂಥ ಫ್ಲೋಟಿಂಗ್ ದರದ, ಅಂದರೆ ಬಡ್ಡಿ ಏರಿಳಿಯುವ, ಹೋಮ್ ಲೋನನ್ನು ಮುಂಚೆ ಕಟ್ಟಿದರೆ ದಂಡ ಹಾಕುವಂತಿಲ್ಲ. ಇವತ್ತು ಹತ್ತು ಸಾವಿರ ಅಸಲಿಗೆ ಹಾಕಿ ಕಂತು ಬದಲಿಸದೆ ಬಿಟ್ಟರೆ, ಇದೇ ಬಡ್ಡಿ ಮುಂದುವರಿದರೆ, ಕೊನೆಯಲ್ಲಿ ಕಟ್ಟಬೇಕಾದ್ದರಲ್ಲಿ ಸುಮಾರು ಮೂವತ್ತು ಸಾವಿರ ಕಮ್ಮಿಯಾಗುತ್ತದೆ. ಆದರೆ ಹದಿನೈದು ವರ್ಷ ಬಿಟ್ಟು ಸಿಗುವ ಮೂವತ್ತು ಸಾವಿರ ಇವತ್ತಿನ ಮೂವತ್ತು ಸಾವಿರ ಅಲ್ಲ, ಅದನ್ನೂ ನೆನಪಿಡು. ಕ್ರೆಡಿಟ್ ಕಾರ್ಡಿನ ಬಾಕಿ ಇಟ್ಟುಕೊಂಡು ಹೋಮ್ ಲೋನಿಗೆ ಜಾಸ್ತಿ ಕಟ್ಟುವುದಂತೂ ಬೇಡವೇ ಬೇಡ. ಕಾರ್ಡಿನವರು ತಿಂಗಳಿಗೇ ಶೇ. 3ರ ಮೇಲೆ ಬಡ್ಡಿ ಹಾಕುತ್ತಾರೆ. ಆಸ್ಪತ್ರೆ, ಕೆಲಸ ಹೋಗುವುದು ಇಂಥದ್ದಕ್ಕೆ ಒಂದಿಷ್ಟು ತಿಂಗಳ ಖರ್ಚು ಬೇರೆ ಇಟ್ಟುಕೋ. ಸಾಲಕ್ಕೆ ಕಟ್ಟಿದ ದುಡ್ಡು ಬೇಕು ಅಂದಾಗ ವಾಪಸ್ ಬರುವುದಿಲ್ಲ.

ಇನ್ನು ಹಬ್ಬದ ಖರ್ಚು. ಕೂತು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ, ದುಡ್ಡು ಹೋಗುವುದು ಬಂದವರಿಗೆ ಊಟ ಹಾಕಿದ್ದಕ್ಕಲ್ಲ. ಕಡ್ಲೆಬೇಳೆ, ಬೆಲ್ಲ, ಎಣ್ಣೆಗೆ ಎಷ್ಟು ಮಹಾ ಆದೀತು? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಕನಕಾಂಬರ ಕೆಜಿಗೆ ಸಾವಿರ ದಾಟುತ್ತದೆ, ಅಲ್ಲಿ ಹೋಗುತ್ತದೆ. "ನೋ ಕಾಸ್ಟ್ ಇಎಂಐ", ಅಂದರೆ ಬಡ್ಡಿ ಇಲ್ಲದ ಕಂತು, ಅಂತ ದಸರಾ ಆಫರ್‌ನಲ್ಲಿ ತಂದ ಟಿವಿಗೆ ಹೋಗುತ್ತದೆ. ಆ "ನೋ ಕಾಸ್ಟ್"ನಲ್ಲಿ ಪ್ರೊಸೆಸಿಂಗ್ ಫೀ ಇರುತ್ತದೆ, ಬಡ್ಡಿಯ ಮೇಲಿನ ಜಿಎಸ್‌ಟಿ ಇರುತ್ತದೆ, ಎಷ್ಟೋ ಸಲ ನಗದು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿಯೂ ಕೈ ತಪ್ಪುತ್ತದೆ. ಊರಿಗೆ ಹೋಗುವ ಪ್ರೈವೇಟ್ ಬಸ್ಸಿನ ದೀಪಾವಳಿ ರೇಟು ನಿನಗೆ ಗೊತ್ತೇ ಇದೆ. ರೈಲಿನ ಬುಕಿಂಗ್ 60 ದಿನ ಮುಂಚೆಯೇ ತೆರೆಯುತ್ತದೆ, ಅಂದರೆ ಹೆಚ್ಚುಕಡಿಮೆ ಗಣೇಶ ಹಬ್ಬದ ಹೊತ್ತಿಗೆ. ತಾಳಗುಪ್ಪ ರೈಲಿಗೆ ಆಗಲೇ ಟಿಕೆಟ್ ಮಾಡಿಬಿಡು. ಅಪ್ಪ ಅಮ್ಮನ ಜೊತೆ ಗೋಪೂಜೆ ಮಾಡುವುದನ್ನು ಬಿಟ್ಟು ಬೆಂಗಳೂರಿನಲ್ಲೇ ಕೂತು ಸಾಲ ತೀರಿಸುವುದು ಯಾವ ಸೀಮೆ ಉಳಿತಾಯವೋ!

ಮುಯ್ಯಿಯದ್ದು ಮಾತ್ರ ಸ್ವಲ್ಪ ಸೂಕ್ಷ್ಮ. ನಮ್ಮಮ್ಮನ ಹತ್ತಿರ ಒಂದು ನೋಟ್‌ಬುಕ್ ಇದೆ. ಯಾರ ಮನೆ ಗೃಹಪ್ರವೇಶಕ್ಕೆ ಯಾರು ಎಷ್ಟು ಹಾಕಿದರು ಅಂತ ಅದರಲ್ಲಿ ಎಲ್ಲ ಇರುತ್ತದೆ. ಅದನ್ನು ನೋಡಿ ನಗಬೇಡ, ಅದು ನಮ್ಮ ಹಿರಿಯರ ಬಜೆಟ್. ಅವರು ಹಾಕಿದಷ್ಟಕ್ಕೆ ಸ್ವಲ್ಪ ಸೇರಿಸಿ ವಾಪಸ್ ಮಾಡಿದರೆ ಯಾರಿಗೂ ಬೇಜಾರಿಲ್ಲ. ಕೆಡುವುದು ಯಾವಾಗ ಅಂದರೆ, ಆಫೀಸಿನ ಹೊಸ ಪರಿಚಯದವರಿಗೆ ದೊಡ್ಡ ಡ್ರೈಫ್ರೂಟ್ ಡಬ್ಬಿ ಕೊಡಲು ಹೋದಾಗ. ಅವರೂ ವಾಪಸ್ ಅಷ್ಟೇ ದೊಡ್ಡದು ಕೊಡಬೇಕಾಗುತ್ತದೆ. ಇಬ್ಬರಿಗೂ ಬೇಡವಾಗಿತ್ತು. ಅರಿಸಿನ-ಕುಂಕುಮಕ್ಕೆ ಕೊಡುವ ರವಿಕೆ ಕಣದ ಕಥೆಯೂ ಅದೇ, ಹೊಲಿಸುವವರೇ ಇಲ್ಲ, ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತದೆ. ನಮ್ಮನೆಯಿಂದ ಹೋದದ್ದೇ ತಿರುಗಿ ನಮ್ಮನೆಗೆ ಬಂದಿದ್ದೂ ಉಂಟು. ಈಗ ನಾವು ಎಲೆ ಅಡಿಕೆ, ತೆಂಗಿನಕಾಯಿ, ಹಣ್ಣು, ಇಷ್ಟೇ ಕೊಡುತ್ತೇವೆ. ಒಬ್ಬಿಬ್ಬರು ಮುಖ ನೋಡಿದರು. ನೋಡಲಿ ಬಿಡು.

ಸಾಲ ಇದೆ ಅಂತ ಹೇಳಲು ನಿನಗೆ ನಾಚಿಕೆ ಅಲ್ವಾ? ಒಂದು ಸಲ ಹೇಳಿ ನೋಡು. "ಲೋನ್ ಬೇಗ ತೀರಿಸ್ತಾ ಇದ್ದೀವಿ, ಈ ಸಲ ಹೋಟೆಲ್ ಬೇಡ, ಮನೆಗೇ ಬನ್ನಿ, ಒಬ್ಬೊಬ್ಬರು ಒಂದೊಂದು ಅಡುಗೆ ಮಾಡ್ಕೊಂಡು ಬನ್ನಿ" ಅಂದರೆ ಅರ್ಧ ಜನಕ್ಕೆ ಸಮಾಧಾನವೇ ಆಗುತ್ತದೆ. ಅವರಿಗೂ ಕಂತು ಇರುತ್ತದೆ. ಬಫೆ ಊಟ, ಕ್ಯಾಬು ಅಂತ ತಲೆಗೆ ಎರಡು ಸಾವಿರ ಸುರಿಯುವುದು ಯಾರಿಗೂ ಇಷ್ಟವಿಲ್ಲ. ಬೇಡ ಅಂತ ಮೊದಲು ಹೇಳಲು ಮಾತ್ರ ಯಾರಿಗೂ ಬಾಯಿ ಬರುವುದಿಲ್ಲ. ಅದೂ ಬೇಡವಾದರೆ ಬೆಳಗ್ಗೆ ಲಾಲ್‌ಬಾಗಿನಲ್ಲಿ ಒಂದು ಸುತ್ತು, ಆಮೇಲೆ ದರ್ಶಿನಿಯಲ್ಲಿ ಇಡ್ಲಿ, ಕಾಫಿ. ಇಬ್ಬರಿಗೂ ಸೇರಿ ಇನ್ನೂರರೊಳಗೆ ಮುಗಿಯುತ್ತದೆ. ಮಾತೂ ಜಾಸ್ತಿ ಆಗುತ್ತದೆ.

ಇನ್ನು ಶುಗರ್. ಎಚ್‌ಬಿಎ1ಸಿ 6.1 ಬಂದಿದೆ ಅಂದೆ. 5.7ರಿಂದ 6.4ರವರೆಗೆ ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಗೆ ಮುಂಚಿನ ಹಂತ ಅಂತಾರೆ, ಡಾಕ್ಟರು ನಿನಗೆ ಹೇಳಿರುತ್ತಾರೆ. ಎಚ್ಚರಿಕೆ ಬೇಕು, ಹೆದರಿ ಮನೆಯಲ್ಲಿ ಕೂರುವಂಥದ್ದಲ್ಲ. ಆ ರಕ್ತ ಪರೀಕ್ಷೆ ತೋರಿಸುವುದು ಎರಡು ಮೂರು ತಿಂಗಳ ಶುಗರ್‌ನ ಸರಾಸರಿ. ಹಬ್ಬದ ದಿನ ತಿಂದ ಒಂದು ಹೋಳಿಗೆಗಿಂತ ಅದರಲ್ಲಿ ಜಾಸ್ತಿ ಕಾಣುವುದು ಉಳಿದ ದಿನಗಳ ಊಟ. ಹಬ್ಬ ಮುಗಿದ ಮೇಲೆ ಡಬ್ಬಿಯಲ್ಲಿ ಉಳಿದ ಚಕ್ಕುಲಿ, ಕೋಡುಬಳೆ, ಲಾಡು ದಿನಾ ಟೀ ಜೊತೆ ಬಾಯಿಗೆ ಹೋಗುತ್ತದಲ್ಲ, ಅದನ್ನು ನಿಲ್ಲಿಸು. ಯಾರಾದರೂ "ಡಬ್ಬಿಗೆ ಹಾಕಿಕೊಡ್ತೀನಿ ತಗೊಂಡು ಹೋಗು" ಅಂದರೆ ಒಂದು ಹಿಡಿ ತಗೋ. ಮನೆಯಲ್ಲೇ ಮಾಡಿದ್ದು ಉಳಿದರೆ ಮರುದಿನವೇ ಪಕ್ಕದ ಮನೆಗೆ, ಸೆಕ್ಯುರಿಟಿಯವರಿಗೆ ಹಂಚಿಬಿಡು.

ಬಾಳೆಲೆಯಲ್ಲಿ ಮೊದಲು ಬಡಿಸುವುದು ಏನು ಹೇಳು? ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅನ್ನ ಆಮೇಲೆ. ನಾವು ಮಾತ್ರ ಅನ್ನ ಬರುವ ತನಕ ಸುಮ್ನೆ ಕೂತು, ಕೋಸಂಬರಿಯನ್ನು ಕೊನೆಗೆ ನೆಂಚಿಕೊಳ್ಳುತ್ತೇವೆ. ತರಕಾರಿ, ಕಾಳು ಮೊದಲು ತಿಂದು ಅನ್ನ ಆಮೇಲೆ ತಿಂದರೆ ಊಟದ ನಂತರ ಶುಗರ್ ಅಷ್ಟು ಜೋರಾಗಿ ಏರುವುದಿಲ್ಲ. ಹಾಗಾಗಿ ಕೋಸಂಬರಿ ಎರಡು ಸಲ ಹಾಕಿಸಿಕೋ. ಹೋಳಿಗೆ ಒಂದು, ತುಪ್ಪ ಹಾಕಿಸಿಕೊಂಡು ನಿಧಾನಕ್ಕೆ ತಿನ್ನು. "ಇನ್ನೊಂದೇ ಒಂದು" ಅಂತ ಬಂದರೆ "ಸಾರು ಇನ್ನೊಂದು ಸಲ ಹಾಕಿ, ತುಂಬಾ ಚೆನ್ನಾಗಿದೆ" ಅನ್ನು. ಅತ್ತಿಗೆಗೂ ಖುಷಿ, ನಿನಗೂ ಬಚಾವ್. ಆಮೇಲೆ ಚಾಪೆ ಹಾಸಿ ಮಲಗಬೇಡ, ಮಕ್ಕಳನ್ನು ಕರೆದುಕೊಂಡು ಬೀದಿಯ ಗಣಪತಿ ನೋಡಿಕೊಂಡು ಬಾ.

ಉಳಿದ ದಿನಗಳ ಊಟಕ್ಕೆ ನೀನು ತರಿಸುವ ಕ್ವಿನೋವಾ, ಬೆಲ್ಲದ "ಹೆಲ್ದಿ" ಲಡ್ಡು ಎರಡನ್ನೂ ಬಿಡು. ಬೆಲ್ಲವೂ ಸಕ್ಕರೆಯೇ, ರೇಟು ಮಾತ್ರ ಬೇರೆ. ಸೊಪ್ಪಿನ ಸಾರು, ಹೆಸರುಕಾಳಿನ ಪಲ್ಯ, ಹುರುಳಿ ಸಾರು, ರಾಗಿ ರೊಟ್ಟಿ, ಮಜ್ಜಿಗೆ. ರಾಗಿಯೂ ಹಿಟ್ಟೇ, ಆರೋಗ್ಯಕ್ಕೆ ಒಳ್ಳೆಯದು ಅಂತ ನಾಲ್ಕು ರೊಟ್ಟಿ ಹೊಡೆಯಬೇಡ. ಆದರೆ ಹೊಟ್ಟೆಗೂ ಜೇಬಿಗೂ ಜಗಳ ಇಲ್ಲದ ಊಟ ಅಂದರೆ ಇದೇ.

ಗಣೇಶ ಹಬ್ಬದ ಮರುದಿನ ಸಂಜೆ ನಮ್ಮನೆಗೆ ಬಾ. ಹೆಂಡತಿಯನ್ನೂ ಮಕ್ಕಳನ್ನೂ ಕರೆದುಕೊಂಡು ಬಾ. ಲೋನ್ ಸ್ಟೇಟ್‌ಮೆಂಟ್ ಮರೆಯಬೇಡ, ಬ್ಯಾಂಕಿಗೆ ಕೊಡುವ ಅರ್ಜಿ ಕೂತು ಬರೆಯೋಣ. ಸ್ವೀಟ್ ಬಾಕ್ಸ್ ತಂದರೆ ಒಳಗೆ ಬಿಡುವುದಿಲ್ಲ. ಏನಾದರೂ ತರಲೇಬೇಕು ಅನ್ನಿಸಿದರೆ ಎರಡು ಕಟ್ಟು ದಂಟಿನ ಸೊಪ್ಪು ತಾ, ಬಸ್ಸಾರು ಮಾಡಿಸುತ್ತೇನೆ.

ನಿನ್ನ ಗೆಳೆಯ