ಮಗಳಿಗೊಂದು ಪತ್ರ: ಅಜ್ಜಯ್ಯನ ಚೂರಿ, ನಿನ್ನ ಚೂರಿಗಳು

ಪ್ರೀತಿಯ ಪುಟ್ಟಿಗೆ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಅಮ್ಮ, ಇಷ್ಟು ದುಡ್ಡು ಕೊಟ್ಟು ತಂದ ಈ ಮೂರು ಚೂರಿಗಳನ್ನು ಬಳಸಲಾ, ಹಾಗೇ ಇಡಲಾ?" ಅಂತ. ನಾನು "ನೋಡೋಣ" ಅಂದುಬಿಟ್ಟೆ. ಮಳೆಗೆ ಕರೆಂಟ್ ಹೋಗಿತ್ತು, ಮಾತೂ ಸರಿ ಕೇಳುತ್ತಿರಲಿಲ್ಲ. ಆದರೆ ನಾನು ಉತ್ತರ ಕೊಡದಿದ್ದಕ್ಕೆ ಕಾರಣ ಅದಲ್ಲ. ಇದೇ ಪ್ರಶ್ನೆ ನನ್ನ ಎದುರಿಗೂ ಒಮ್ಮೆ ಬಂದಿತ್ತು, ಆಗ ನಾನು ತಪ್ಪು ಮಾಡಿದೆ. ಅದನ್ನು ನಿನಗೆ ಪೂರ್ತಿ ಯಾವತ್ತೂ ಹೇಳಿಲ್ಲ.

ನಿನ್ನ ಅಜ್ಜಯ್ಯನ ಹತ್ತಿರ ಒಂದು ಮಡಚುವ ಚೂರಿ ಇತ್ತು. ಇಂಗ್ಲೆಂಡಿನ ಷೆಫೀಲ್ಡ್ ಊರಿನ ಜೋಸೆಫ್ ರಾಡ್ಜರ್ಸ್ ಕಂಪನಿಯದು. ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಪಕ್ಕದಲ್ಲಿ ಒಂದು ಶಿಲುಬೆ. ಆ ಗುರುತು ನೋಡಿಯೇ ಜನ ಕೊಳ್ಳುತ್ತಿದ್ದರಂತೆ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅದು ಮಾವನ ಜೇಬಿನಲ್ಲೇ ಇರುತ್ತಿತ್ತು. ವೀಳ್ಯದೆಲೆಯ ತೊಟ್ಟು ತೆಗೆಯುವುದು, ಕಾಲಿಗೆ ಚುಚ್ಚಿದ ಮುಳ್ಳು ಬಿಡಿಸುವುದು, ಮಕ್ಕಳಿಗೆ ಮಾವಿನಕಾಯಿ ಹೆಚ್ಚಿ ಉಪ್ಪು ಸವರಿ ಕೊಡುವುದು, ಎಲ್ಲದಕ್ಕೂ ಅದೇ.

ಆದರೆ ಅದರ ದೊಡ್ಡ ಕೆಲಸ ಕಸಿ. ಹೊಳೆದಂಡೆಯ ಯಾವುದೋ ಅಪ್ಪೆಮಾವಿನ ಮರದ ಚಿಗುರುಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಜಗುಲಿಯ ಮೇಲೆ ಕೂತು ಚೂರಿಯನ್ನು ಮಸೆಗಲ್ಲಿಗೆ ಹಾಕಿ, ಮುಂಗೈಯ ರೋಮ ಬೋಳಿಸಿ ನೋಡುತ್ತಿದ್ದರು. ಆಮೇಲೆಯೇ ಕಡ್ಡಿ ಮುಟ್ಟುತ್ತಿದ್ದದ್ದು. ಕಡ್ಡಿಯ ತುದಿಯನ್ನು ಎರಡೂ ಕಡೆ ಒಂದೊಂದೇ ಎಳೆತಕ್ಕೆ ಬೆಣೆಯ ಹಾಗೆ ಕೆತ್ತಿ, ಬೇರೆ ಸಸಿಯ ಸೀಳಿನಲ್ಲಿ ಕೂರಿಸಬೇಕು. ಚೂರಿ ಮೊಂಡಾಗಿದ್ದರೆ ತೊಗಟೆ ಜಜ್ಜಿ ಹೋಗುತ್ತದೆ, ಒಳಗಿನ ಹಸಿರಿಗೆ ಹಸಿರು ಕೂರುವುದಿಲ್ಲ, ಗಿಡ ಸಾಯುತ್ತದೆ. ಬಾವಿಯ ಹತ್ತಿರ ನಿಂತಿದೆಯಲ್ಲ ಮರ, ನಿನ್ನ ಹಾಸ್ಟೆಲ್ ಡಬ್ಬಿಗೆ ಪ್ರತಿ ವರ್ಷ ಮಿಡಿ ಉಪ್ಪಿನಕಾಯಿ ತುಂಬಿಸಿ ಕಳಿಸಿದ್ದು ಯಾವ ಮರದ್ದೋ, ಅದು ಆ ಚೂರಿ ಕೂರಿಸಿದ ಕಸಿ.

ಮಾವ ತೀರಿಹೋದ ಮೇಲೆ ಚೂರಿಯನ್ನು ನಾನು ಎತ್ತಿಟ್ಟೆ. ಯಾರಾದರೂ ತೋಟಕ್ಕೆ ಒಯ್ದು ಕಳೆದುಬಿಟ್ಟರೆ ಅನ್ನುವ ಹೆದರಿಕೆ. ಚೆನ್ನಾಗಿ ಒರೆಸಿ, ಅದರ ಚರ್ಮದ ಚೀಲಕ್ಕೇ ಹಾಕಿ, ಮೇಲೆ ಅವರದೇ ಪಂಚೆಯ ತುಂಡು ಸುತ್ತಿ, ಮಾಳಿಗೆಯ ಪೆಟ್ಟಿಗೆಯಲ್ಲಿಟ್ಟೆ. ನಿನಗೇ ಕೊಡಬೇಕು ಅಂತ ಆಗಲೇ ಅಂದುಕೊಂಡಿದ್ದೆ. ಹನ್ನೊಂದು ಮಳೆಗಾಲ ಕಳೆದವು. ನೀನು ಪಿಯುಸಿ ಮುಗಿಸಿದ ವರ್ಷ ತೆಗೆದು ನೋಡಿದರೆ ಚರ್ಮದ ಮೇಲೆ ಹಸಿರು ಬೂಸ್ಟು. ಚೂರಿ ಬಿಚ್ಚಲಿಕ್ಕೇ ಬರಲಿಲ್ಲ. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿ ನಿನ್ನ ಅಪ್ಪ ಬಿಡಿಸಿದರು. ಅಲಗಿನ ತುಂಬ ಗುಳಿ. ನಕ್ಷತ್ರ ಹೋಗಿತ್ತು, ಶಿಲುಬೆಯೂ ಹೋಗಿತ್ತು. ನಾನು ಆ ರಾತ್ರಿ ಅತ್ತುಬಿಟ್ಟೆ ಪುಟ್ಟಿ. ನಿನಗೆ "ಅಜ್ಜಯ್ಯನ ಚೂರಿ ಎಲ್ಲೋ ಕಳೆದುಹೋಯಿತು" ಅಂತ ಹೇಳಿದ್ದು ಸುಳ್ಳು. ಅದು ನಿನ್ನೆಯವರೆಗೂ ಅದೇ ಪೆಟ್ಟಿಗೆಯಲ್ಲಿತ್ತು.

ಚರ್ಮ ನೀರಿನ ಪಸೆ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹದ ಮಾಡುವಾಗ ಹಾಕಿದ ಉಪ್ಪು, ರಾಸಾಯನಿಕ ಅದರಲ್ಲಿ ಉಳಿದಿರುತ್ತದೆ. ಅವೆರಡೂ ಸೇರಿ ಉಕ್ಕನ್ನು ತಿನ್ನುತ್ತವೆ. ಇದು ನನಗೆ ಆಮೇಲೆ ಗೊತ್ತಾಯಿತು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಇಂಥ ಕಡೆ ಉಕ್ಕನ್ನು ಚರ್ಮದಲ್ಲಿ ಸುತ್ತಿ ಮರೆತೆ ಅಂದರೆ ಏನಾಗುತ್ತದೆ ಹೇಳು. ಮಾವನ ಜೇಬಿನಲ್ಲಿದ್ದಾಗ ಅದು ದಿನಾ ಒದ್ದೆಯಾಗುತ್ತಿತ್ತು, ದಿನಾ ಒರೆಸಿಕೊಳ್ಳುತ್ತಿತ್ತು. ಅಷ್ಟು ವರ್ಷ ಏನೂ ಆಗಿರಲಿಲ್ಲ.

ಅದೇ ನಮ್ಮ ಅಡುಗೆಮನೆಯ ಮೆಟ್ಟುಗತ್ತಿ ನೋಡು. ನನ್ನ ಅತ್ತೆಯ ಅತ್ತೆ ಕಾಲದ್ದು. ಕುಲುಮೆಗೆ ಕೊಟ್ಟು ತಟ್ಟಿಸಿ, ಮಸೆದು ಮಸೆದು ಅಲಗು ಈಗ ಅರ್ಧ ಅಗಲ ಉಳಿದಿದೆ. ಬಳಸಿದರೆ ಸವೆಯುವುದಿಲ್ಲ ಅಂತ ನಾನು ಹೇಳಲ್ಲ. ಸವೆಯುತ್ತದೆ, ಕಣ್ಣಿಗೆ ಕಾಣುವಷ್ಟು ಸವೆಯುತ್ತದೆ. ಆದರೂ ಇವತ್ತು ಬೆಳಿಗ್ಗೆ ಅದರಲ್ಲೇ ಕೆಸುವಿನ ದಂಟು ಹೆಚ್ಚಿದೆ.

ಈಗ ನಿನ್ನ ಚೂರಿಗಳಿಗೆ ಬರುತ್ತೇನೆ. ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಅವುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಆ ಜಪಾನಿನ ಅಡುಗೆ ಚಾಕು, ಸಕಾಯ್ ಊರಿನದು ಅಂದೆಯಲ್ಲ, ಅದನ್ನು ನಾಳೆಯಿಂದಲೇ ತೆಗೆ. ಅದರ ಉಕ್ಕಿಗೆ ಶಿರೊಗಾಮಿ, ಅಂದರೆ ಬಿಳಿ ಕಾಗದ ಅಂತ ಹೆಸರು. ಉಕ್ಕು ಬಿಳಿಯಲ್ಲ, ಕಾರ್ಖಾನೆಯಿಂದ ಬರುವಾಗ ಅಂಟಿಸಿದ ಕಾಗದ ಬಿಳಿ. ಅದು ನಮ್ಮ ಮೆಟ್ಟುಗತ್ತಿಯ ಜಾತಿಯದೇ, ತುಕ್ಕು ತಡೆಯುವ ಕ್ರೋಮಿಯಂ ಇಲ್ಲ. ಬೆಂಗಳೂರಿನ ಡಬ್ಬಿಯಲ್ಲಿಟ್ಟರೂ ನಿನ್ನ ಬೆರಳಿನ ಬೆವರೇ ಸಾಕು ಅದನ್ನು ಕೆಡಿಸಲಿಕ್ಕೆ. ಬಳಸುತ್ತಾ ಹೋದರೆ ಈರುಳ್ಳಿ, ಮಾವಿನಕಾಯಿ ರಸ ತಾಗಿ ಅಲಗು ನೀಲಿ, ಬೂದು, ಕಪ್ಪಾಗುತ್ತದೆ. ಗಾಬರಿಯಾಗಬೇಡ. ಅದು ಕೆಂಪು ತುಕ್ಕಲ್ಲ, ಕೆಂಪು ತುಕ್ಕು ಬೇಗ ಹತ್ತದ ಹಾಗೆ ಕಾಯುವ ಪದರ. ಉಜ್ಜಿ ತೆಗೆಯಬೇಡ. ಹೆಚ್ಚಿದ ಕೂಡಲೇ ತೊಳೆದು ಒಣಬಟ್ಟೆಯಲ್ಲಿ ಒರೆಸು, ಸಿಂಕಿನಲ್ಲಿ ಬಿಟ್ಟು ಟೀವಿ ಮುಂದೆ ಕೂರಬೇಡ. ಒಂದು ಮಾತು ನೆನಪಿಡು: ನಮ್ಮ ಕತ್ತಿ ಗಟ್ಟಿಗೆ ತಾಗಿದರೆ ಬಾಯಿ, ಅಂದರೆ ಹರಿತದ ಅಂಚು, ಮಡಚಿಕೊಳ್ಳುತ್ತದೆ, ಕಲ್ಲಿಗೆ ಹಾಕಿದರೆ ಸರಿಹೋಗುತ್ತದೆ. ನಿನ್ನದು ಜಾಸ್ತಿ ಗಡುಸು, ಬಾಯಿ ಚಕ್ಕೆ ಏಳುತ್ತದೆ. ತೆಂಗಿನಕಾಯಿ ಚಿಪ್ಪಿಗೆ, ಫ್ರಿಜ್ಜಿನಲ್ಲಿ ಕಲ್ಲಾದ ವಸ್ತುವಿಗೆ ತಾಗಿಸಬೇಡ. ಹಲಸಿನಕಾಯಿಯಾದರೆ ಮೊದಲು ಎಣ್ಣೆ ಸವರಿಕೋ, ಇಲ್ಲದಿದ್ದರೆ ಅಂಟು ಬಿಡುವುದಿಲ್ಲ.

ಮಡಚುವ ಆ ದುಬಾರಿ ಚೂರಿಯ ಮಾತು ಬೇರೆ. ಟೈಟೇನಿಯಂ ಹಿಡಿ, ಕ್ರೋಮಿಯಂ ಇರುವ ಉಕ್ಕು, ಅದಕ್ಕೆ ಬೇಗ ತುಕ್ಕು ಹತ್ತುವುದಿಲ್ಲ. ಇಟ್ಟರೆ ಇರುತ್ತದೆ. ಒಮ್ಮೆ ಮಸೆದರೆ, ಹಿಡಿಯ ಮೇಲೆ ಗೀರು ಬಿದ್ದರೆ ಕೊಳ್ಳುವವರು ಬೆಲೆ ಇಳಿಸುತ್ತಾರೆ ಅಂದೆ. ಅದೂ ನಿಜವೇ. ಮಾರಲಿಕ್ಕೆ ಅಂತಲೇ ಕೊಂಡಿದ್ದರೆ ಡಬ್ಬಿ, ರಸೀದಿ ಸಮೇತ ಇಡು, ಅದರಲ್ಲಿ ತಪ್ಪಿಲ್ಲ. ಚಿನ್ನ ಇಡುವುದಿಲ್ವಾ ಹಾಗೆ. ಆದರೆ ನೀನು ಮಾರುವವಳಲ್ಲ. ರಾತ್ರಿ ಮಲಗುವ ಮುಂಚೆ ಅದನ್ನು ತೆಗೆದು, ಬಿಚ್ಚಿ, ಮಡಚಿ, ಒರೆಸಿ ಮತ್ತೆ ಇಡುತ್ತೇನೆ ಅಂತ ನೀನೇ ಹೇಳಿದೆ. ಅದನ್ನು ಕೇಳಿ ನನಗೆ ಪಾಪ ಅನ್ನಿಸಿತು. ಅದರ ಹೆಸರು ಸೆಬೆಂಜಾ ಅಲ್ವಾ? ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಕ್ರಿಸ್ ರೀವ್ ಅನ್ನುವವರು 1987ರಲ್ಲಿ ಮೊದಲು ಮಾಡಿದ್ದು. ಅಲ್ಲಿನ ಜುಲು ಭಾಷೆಯಲ್ಲಿ ಆ ಮಾತಿಗೆ ಕೆಲಸ ಅಂತ ಅರ್ಥವಂತೆ. ಮಾಡಿದವರೇ ಕೆಲಸ ಅಂತ ಹೆಸರಿಟ್ಟಿದ್ದಾರೆ, ಬಿಚ್ಚಿ ತೊಳೆಯುವ ಹಾಗೆ ಮಾಡಿದ್ದಾರೆ, ಸವೆದರೆ ಅವರ ಕಂಪನಿಯವರೇ ಮಸೆದು ಸರಿಮಾಡಿ ಕೊಡುತ್ತಾರೆ. ಮಾವನ ಜೇಬಿನಲ್ಲಿ ಅವರ ಚೂರಿ ಇದ್ದ ಹಾಗೆ ಇದು ನಿನ್ನ ಜೊತೆ ಇರಲಿ. ಪಾರ್ಸೆಲ್ ಬಿಚ್ಚು, ಹಣ್ಣು ಕೊಯ್ಯಿ. ವಿಮಾನ ಹತ್ತುವಾಗ ಮಾತ್ರ ಕೈಚೀಲದಲ್ಲಿ ಇಡಬೇಡ.

ಮೂರನೆಯದನ್ನು ಮುಟ್ಟಬೇಡ.

ಅದನ್ನು ಮಾಡಿದ ಮುದುಕರು ತೀರಿಹೋದರು, ಅವರ ಕುಲುಮೆ ಮುಚ್ಚಿತು ಅಂದೆಯಲ್ಲ. ಆ ಚೂರಿಯ ಬಾಯಿ ಅವರೇ ಕೈಯಾರೆ ಕಟ್ಟಿದ್ದು. ನೀನು ಒಮ್ಮೆ ಮಸೆದರೆ ಅವರ ಬಾಯಿ ಹೋಯಿತು, ಉಳಿಯುವುದು ನಿನ್ನದು. ಮತ್ತೆ ಅವರನ್ನು ಕೇಳಲಿಕ್ಕಿಲ್ಲ. ನಮ್ಮ ಕಡೆಯ ಉಕ್ಕಿಗೂ ಹೀಗೇ ಆಯಿತು. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕು ಡಮಾಸ್ಕಸ್ ಕತ್ತಿಗಳಿಗೆ ಹೋಗುತ್ತಿತ್ತು. ಅದಕ್ಕೆ ಬಿಳಿಯರು ವೂಟ್ಜ್ ಅನ್ನುತ್ತಿದ್ದರು. ನಮ್ಮ ಉಕ್ಕು ಅನ್ನುವ ಮಾತೇ ಹಾಗಾಯಿತು ಅಂತ ಹೇಳುತ್ತಾರೆ. 1795ರಲ್ಲೇ ಲಂಡನ್ನಿನಲ್ಲಿ ಅದನ್ನು ಪರೀಕ್ಷೆ ಮಾಡಿ ಪ್ರಬಂಧ ಓದಿದ್ದರು, ಆಮೇಲೆ ವಿಜ್ಞಾನಿ ಮೈಕೆಲ್ ಫ್ಯಾರಡೆಯೂ ತಲೆ ಕೆಡಿಸಿಕೊಂಡಿದ್ದ. ಅಷ್ಟರಲ್ಲಿ ಇಲ್ಲಿ ಮಾಡುವವರೇ ಒಬ್ಬೊಬ್ಬರಾಗಿ ಇಲ್ಲವಾದರು. ಈಗ ಯಾರಾದರೂ ಅದನ್ನು ತಿಳಿಯಬೇಕಾದರೆ ಉಳಿದ ಹಳೆಯ ಅಲಗುಗಳನ್ನೇ ನೋಡಬೇಕು. ಅಂಥದ್ದನ್ನು ಹೊಳೆಯಲಿ ಅಂತ ಉಜ್ಜಿದರೆ ಎಷ್ಟು ಅನ್ಯಾಯ.

2018ರಲ್ಲಿ ನಮ್ಮ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯ ಕೆಸರಿನಿಂದ ಸಾವಿರಕ್ಕೂ ಜಾಸ್ತಿ ಕಬ್ಬಿಣದ ರಾಕೆಟ್ ತೆಗೆದರಲ್ಲ, ಟಿಪ್ಪು ಕಾಲದವು. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಗೆ ನಿನ್ನ ಅಪ್ಪನ ಜೊತೆ ಹೋದಾಗ ನೋಡಿದೆ. ತುಕ್ಕು ಹಿಡಿದ ಕೊಳವೆಗಳು, ಅಷ್ಟೇ. ಆದರೆ ಅದನ್ನು ಮಾಡಿದ ಕೈಗಳ ಬಗ್ಗೆ ಹೇಳಲಿಕ್ಕೆ ಬೇರೇನಿದೆ? ನಾನು ತುಂಬ ಹೊತ್ತು ಅಲ್ಲೇ ನಿಂತಿದ್ದೆ.

ಆ ಮೂರನೆಯದನ್ನು ಇಡುವುದಾದರೆ ನನ್ನ ಹಾಗೆ ಇಡಬೇಡ. ಚರ್ಮದ ಒರೆಯಿಂದ ತೆಗೆದು ಬೇರೆ ಇಡು. ಹೊಲಿಗೆ ಮೆಷಿನ್ ಎಣ್ಣೆ ತೆಳ್ಳಗೆ ಸವರು. ಅಡುಗೆ ಎಣ್ಣೆ ಬೇಡ, ವರ್ಷಗಟ್ಟಲೆ ಇಟ್ಟರೆ ಜಿಗುಟಾಗುತ್ತದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಆ ಸಿಲಿಕಾ ಪೊಟ್ಟಣ ಎರಡು ಹಾಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡು. ಯಾರು ಮಾಡಿದ್ದು, ಯಾವ ವರ್ಷ ಕೊಂಡದ್ದು, ಒಂದು ಚೀಟಿಯಲ್ಲಿ ಬರೆದು ಜೊತೆಗಿಡು. ಮಾವನ ಚೂರಿ ಅವರಿಗೆ ಎಲ್ಲಿ ಸಿಕ್ಕಿತು ಅಂತ ನಾನು ಕೇಳಲೇ ಇಲ್ಲ.

ಅಜ್ಜಯ್ಯನ ಚೂರಿಯನ್ನು ನಿನ್ನೆ ಮಾಳಿಗೆಯಿಂದ ಇಳಿಸಿದೆ. ಎಣ್ಣೆ ಹಾಕಿ ಜಗುಲಿಯ ಮೇಲಿಟ್ಟಿದ್ದೇನೆ. ತುದಿಯ ಕಡೆ ಒಂದು ಇಂಚಿನಷ್ಟು ಉಕ್ಕು ಇನ್ನೂ ಗಟ್ಟಿಯಿದೆ. ಮಸೆದರೆ ಬಾಯಿ ಬರಬಹುದು ಅಂತ ನಿನ್ನ ಅಪ್ಪ ಹೇಳುತ್ತಾರೆ. ಬಾವಿ ಹತ್ತಿರದ ಮರ ಹಳೆಯದಾಯಿತು, ಈ ಸಲ ಅದರಿಂದ ಎರಡು ಕಸಿ ಮಾಡಿಡಬೇಕು.

ಕಳಲೆ ಬಂದಿದೆ. ಶನಿವಾರ ಬೆಳಿಗ್ಗೆ ತಲುಪುವ ಹಾಗೆ ರಾತ್ರಿ ಬಸ್ಸು ಹತ್ತು. ಹೆಚ್ಚಿ ನೀರಿಗೆ ಹಾಕುವ ಕೆಲಸ ನಿನಗೇ ಬಿಟ್ಟಿದ್ದೇನೆ. ಜಪಾನಿನ ಚಾಕು ಬಟ್ಟೆಯಲ್ಲಿ ಸುತ್ತಿಕೊಂಡು ಬಾ, ಬಾಯಿಗೆ ರಟ್ಟು ಕಟ್ಟುವುದನ್ನು ಮರೆಯಬೇಡ.

ನಿನ್ನ
ಅಮ್ಮ