ಅವೆನ್ಯೂ ರಸ್ತೆಯ ಬೈಂಡಿಂಗ್ ಅಣ್ಣನಿಗೆ ಥ್ಯಾಂಕ್ಸ್

ಧಾರಾವಾಹಿ ಜೋಡಿಯ ಮೇಲೆ ಅಭಿಮಾನಿಗಳು ಬರೆದ ಪ್ರೇಮಕಥೆಗಳ ಪುಸ್ತಿಕೆ, ಮಾರನೇ ದಿನವೇ ಹಂಚಬೇಕು. ಬೇರೆಡೆ ತೆಗೆಸಿದ ಪ್ರಿಂಟಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಅರ್ಧ ಎಳೆದಿದ್ದ ಶಟರನ್ನು ಅಣ್ಣ ಮತ್ತೆ ಮೇಲೆತ್ತಿದರು. ಪಿಡಿಎಫ್‌ನಲ್ಲಿ ಫಾಂಟ್ ಎಂಬೆಡ್ ಆಗಿಲ್ಲ, ಅಂದರೆ ಅಕ್ಷರಶೈಲಿ ಫೈಲಿನೊಳಗೇ ಸೇರಿಲ್ಲವೆಂದು ತೋರಿಸಿ, ಹೊಸದಾಗಿ ಮಾಡಿಸಿದರು. ಇದ್ದದ್ದು 46 ಪುಟ. ಮಡಿಸಿದ ಒಂದು ಹಾಳೆಗೆ ನಾಲ್ಕು ಪುಟ, ಹಾಗಾಗಿ ನಡುವೆ ಪಿನ್ ಹೊಡೆಯಲು ನಾಲ್ಕರ ಲೆಕ್ಕ ಕೂಡಬೇಕು. ಎರಡು ಖಾಲಿ ಪುಟ ಸೇರಿಸಿ 48, ಅಂದರೆ ಎ4 ಹಾಳೆ 12. ಮಡಿಸಿದಾಗ ಒಳಗಿನ ಹಾಳೆಗಳು ಹೊರಗೆ ಚಾಚುತ್ತವೆ, ಅದಕ್ಕೇ ಪಿನ್ ಆದ ಮೇಲೆಯೇ ಅಂಚು ಕತ್ತರಿಸಿದ್ದು. 250 ಜಿಎಸ್‌ಎಂ ದಪ್ಪ ಹಾಳೆಯ ಮುಖಪುಟಕ್ಕೆ ಮೊದಲು ಕ್ರೀಸ್ (ಮಡಿಸುವ ಗೆರೆಯನ್ನು ಒತ್ತಿ ಮೂಡಿಸುವುದು), ಆಮೇಲೆ ಮಡಿಕೆ. ಇಲ್ಲದಿದ್ದರೆ ಬೆನ್ನಿನ ಮೇಲೆ ಬಣ್ಣ ಬಿರಿಯುತ್ತದೆ. ನಡುವೆ ಒಂದು ಸಾಲು ಓದಿ ನಕ್ಕರು, ಗೇಲಿ ಮಾಡಲಿಲ್ಲ. ಅರ್ಜೆಂಟ್ ಅಂತ ಹೆಚ್ಚಿಗೆ ಕಾಸೂ ಕೇಳಲಿಲ್ಲ. ಅಣ್ಣಾ, ನಿಮ್ಮ ಪ್ರತಿ ತೆಗೆದಿಟ್ಟಿದ್ದೇವೆ.